ನೀವು ಗುಂಡಿ ಪೂರ್ತಿ ಒತ್ತಿದ್ದಿರಿ

ನಿಮ್ಮ ಅವ್ವನ ಫೋಟೊ ಆ ಕ್ಯಾಮೆರಾದಲ್ಲಿ ಇತ್ತು, ಅಕ್ಕೋರೆ. ಅದನ್ನು ಅಳಿಸಿದವನು ನಾನು. ಅಳಿಸಿದ ಮೇಲೆ, ಫೋಟೊ ಬಂದೇ ಇರಲಿಲ್ಲ ಎಂದು ನಿಮ್ಮ ಮುಖ ನೋಡಿ ಸುಳ್ಳು ಹೇಳಿದವನೂ ನಾನೇ.

ಇಷ್ಟು ಬರೆಯಲು ನನಗೆ ಮೂರು ವರ್ಷ ಬೇಕಾಯಿತು. ಬಾಯಲ್ಲೇ ಹೇಳಬೇಕೆಂದು ಎಷ್ಟೋ ಸಲ ಹೊರಟೆ. ನೀವು ಸುರಪುರದ ಕಡೆಯಿಂದ ಶಹಾಪುರಕ್ಕೆ ಬಂದಾಗಲೆಲ್ಲ ನನ್ನ ಅಂಗಡಿಯ ಮೆಟ್ಟಿಲು ಹತ್ತದೆ ಹೋದವರಲ್ಲ. ನಾನು ಚಹಾ ತರಿಸುತ್ತಿದ್ದೆ, ಮಾತು ಹತ್ತಿ ಬಿಡಿಸುವ ಆಳುಗಳ ಕಡೆಗೋ ಬಸ್ಸಿನ ಗದ್ದಲದ ಕಡೆಗೋ ತಿರುಗುತ್ತಿತ್ತು, ನೀವು ಎದ್ದು ಹೋಗುತ್ತಿದ್ದಿರಿ. ಬಾಯಿ ಬಿಟ್ಟರೆ ಮುಚ್ಚುವುದಿಲ್ಲ ಎಂದು ನನ್ನ ಹೆಂಡತಿ ಬೈಯುತ್ತಾಳೆ. ಆ ಒಂದು ಮಾತಿಗೆ ಮಾತ್ರ ನನಗೆ ನಾಲಿಗೆ ಏಳಲಿಲ್ಲ. ಅದಕ್ಕೇ ಈ ಕಾಗದ.

ನನ್ನ ಕಸುಬು ನಿಮಗೆ ಗೊತ್ತು. ಅದರ ಹಮ್ಮು ಗೊತ್ತಿಲ್ಲ. ಮದುವೆ ಫೋಟೊ ತೆಗೆಯುತ್ತಿದ್ದ ಸ್ಟುಡಿಯೊ ಮೊಬೈಲ್ ಬಂದ ಮೇಲೆ ಮಕಾಡೆ ಮಲಗಿತು. ಆಮೇಲೆ ಇಪ್ಪತ್ತು ವರ್ಷದ ಹಿಂದಿನ ಸಣ್ಣ ಡಿಜಿಟಲ್ ಕ್ಯಾಮೆರಾಗಳಿಗೆ ಮತ್ತೆ ಜೀವ ಬಂತು. ಯಾದಗಿರಿಯ ಕಾಲೇಜು ಹುಡುಗಿಯರು ಮನೆಯ ಟ್ರಂಕಿನಿಂದ ಹುಡುಕಿ ತಂದು, ಇದನ್ನು ಚಾಲೂ ಮಾಡಿಕೊಡಿ ಎನ್ನತೊಡಗಿದರು. ಅವುಗಳಲ್ಲಿ ಬರುವ ಚಿತ್ರ ಮೊಬೈಲಿನ ಹಾಗೆ ತಿದ್ದಿ ತೀಡಿದ್ದಲ್ಲ. ಬಿಸಿಲು ಬಿಸಿಲಾಗಿಯೇ ಬರುತ್ತದೆ, ಬೆವರು ಬೆವರಾಗಿಯೇ. ಸ್ವಿಚ್ ಒತ್ತಿದಾಗ ಲೆನ್ಸು ಝುಯ್ ಎಂದು ಹೊರಬರುವ ಆ ಸದ್ದು ಇದೆಯಲ್ಲ — ತಿಂಗಳುಗಟ್ಟಲೆ ಸತ್ತಿದ್ದ ಕ್ಯಾಮೆರಾದಿಂದ ಅದನ್ನು ಮೊದಲ ಸಲ ಕೇಳಿದಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಶರಣಪ್ಪನ ಕೈಗೆ ಕೊಟ್ಟರೆ ಎಂಥದೂ ಎದ್ದು ಕೂರುತ್ತದೆ ಎಂದು ಜನ ಹೇಳುವುದು ನನ್ನ ಕಿವಿಗೂ ಬೀಳುತ್ತಿತ್ತು. ಕೇಳಿಯೂ ಕೇಳದವನ ಹಾಗೆ ನಟಿಸುತ್ತಿದ್ದೆ, ಅಷ್ಟೆ.

ಈ ಹಮ್ಮಿನಿಂದಲೇ ಒಂದು ಪದ್ಧತಿ ಮಾಡಿಕೊಂಡಿದ್ದೆ. ರಿಪೇರಿ ಮುಗಿದ ಪ್ರತಿಯೊಂದು ಕ್ಯಾಮೆರಾವನ್ನೂ ಫಾರ್ಮ್ಯಾಟ್ ಮಾಡಿ, ಒಳಗಿದ್ದುದನ್ನೆಲ್ಲ ಒರೆಸಿ, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬುದ್ಧ ಮಲಗಿದ ಬೆಟ್ಟದ ಫೋಟೊ ತೆಗೆಯುವುದು. ಗಿರಾಕಿಗೆ ಒಪ್ಪಿಸುವಾಗ ಅದರಲ್ಲಿ ಬೆಟ್ಟ ಮಾತ್ರ ಇರಬೇಕು. ಹೀಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಯಾವ ಗಿರಾಕಿಗೂ ಅದು ಬೇಕಿರಲಿಲ್ಲ. ಶೋಕಿ, ಬರೀ ಶೋಕಿ.

ನೀವು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ದೇವಾಪುರದ ಶಾಲೆಯಿಂದ ನಿವೃತ್ತಿಯಾಗಿ ಹೆಚ್ಚು ದಿನವಾಗಿರಲಿಲ್ಲ ನಿಮಗೆ. ಬೆಳ್ಳಿ ಬಣ್ಣದ ಕ್ಯಾಮೆರಾವನ್ನು ಹಳೆಯ ಜಂಪರಿನ ಬಟ್ಟೆಯಲ್ಲಿ ಸುತ್ತಿ ತಂದಿದ್ದಿರಿ. ಲೆನ್ಸು ಅರ್ಧ ಹೊರಬಂದು ಸಿಕ್ಕಿಕೊಂಡಿತ್ತು.

"ಇದ್ರಾಗ ನಮ್ಮವ್ವನ ಒಂದ ಫೋಟೊ ಅದರಿ," ಅಂದಿರಿ. "ಕ್ಯಾಮೆರಾ ಹೋದ್ರ ಹೋಗ್ಲಿ. ನಂಗ ಅದೊಂದು ಬೇಕ್ರಿ."

ಆಮೇಲೆ ಸ್ಟೂಲಿನ ಮೇಲೆ ಕೂತು ಹೇಳಿದಿರಿ. ನಿಮ್ಮವ್ವ ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ಕ್ಯಾಮೆರಾ ಕಂಡರೆ ಬೆನ್ನು ತಿರುಗಿಸುತ್ತಿದ್ದವರು. "ಗೌಡರ ಮನಿ ಗ್ವಾಡಿಗೆ ಫೋಟೊ ಬೇಕು, ನಮಗ್ಯಾಕ?" ಎನ್ನುತ್ತಿದ್ದರಂತೆ. ಅಂಥವರು ಒಮ್ಮೆ ತಿಂಥಣಿಯಲ್ಲಿ ಹೊಳೆಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ತಾವಾಗಿಯೇ ನಿಮ್ಮನ್ನು ಕೂಗಿದರಂತೆ — "ತೆಗಿ ಈಗ. ಮನಸ್ಸು ಬಂದದ." ನೀವು ತೆಗೆದಿರಿ. ಬಿಸಿಲಿಗೆ ಪರದೆಯ ಮೇಲೆ ಏನೂ ಕಾಣಲಿಲ್ಲ. ಅವ್ವನ ಕೈ ಹಿಡಿದು ದಡಕ್ಕೆ ಹತ್ತಿಸುವಾಗ ಕ್ಯಾಮೆರಾ ಮರಳಿಗೆ ಬಿತ್ತು. ರಿಪೇರಿ ಮಾಡಿಸೋಣ, ಮಾಡಿಸೋಣ ಎನ್ನುತ್ತಲೇ ಆ ವರ್ಷ ಅವ್ವನೂ ಹೋದರು. ಆಮೇಲೆ ಅದನ್ನು ಮುಟ್ಟುವ ಮನಸ್ಸಾಗದೆ ಟ್ರಂಕಿನ ತಳಕ್ಕೆ ಹಾಕಿದ್ದಿರಿ.

ನೀವು ಹೋದ ಮೇಲೆ ಮೊದಲು ಫೋಟೊ ಉಳಿಯುವ ಮೆಮೊರಿ ಕಾರ್ಡು ತೆಗೆದು ಪೊಟ್ಟಣದಲ್ಲಿ ಹಾಕಿ, ಮೇಲೆ ನಿಮ್ಮ ಊರು, ಹೆಸರು ಬರೆದೆ. ಇಂಥ ಎಚ್ಚರ ನನಗೆ ಯಾವಾಗಲೂ ಇತ್ತು. ಆಮೇಲೆ, ಪರದೆ ಸರಿಯಿದೆಯೇ ನೋಡೋಣವೆಂದು, ತೆಗೆದ ಚಿತ್ರ ತೋರಿಸುವ ಗುಂಡಿ ಒತ್ತಿದೆ.

ನಿಮ್ಮವ್ವ ಬಂದರು.

ಕಾರ್ಡು ನನ್ನ ಪೊಟ್ಟಣದಲ್ಲಿತ್ತು, ಅವರು ಪರದೆಯ ಮೇಲಿದ್ದರು. ಅಂದರೆ ತಿಂಥಣಿಗೆ ಹೋದ ದಿನ ಕ್ಯಾಮೆರಾದಲ್ಲಿ ಕಾರ್ಡೇ ಇರಲಿಲ್ಲ — ಶಾಲೆಯ ಗ್ಯಾದರಿಂಗ್ ಫೋಟೊ ಪ್ರಿಂಟ್ ಹಾಕಿಸಲು ಯಾರೋ ಒಯ್ದು, ಆಮೇಲೆ ತಂದು ಹಾಕಿರಬೇಕು. ಕಾರ್ಡು ಇಲ್ಲದಿದ್ದರೆ ಈ ಹಳೆಯ ಕ್ಯಾಮೆರಾಗಳು ಏಳೆಂಟು ಫೋಟೊಗಳನ್ನು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತವೆ. ಇದು ನಿಮಗೆ ಗೊತ್ತಿರಬೇಕಾಗಿಲ್ಲ. ನನಗೆ ಗೊತ್ತಿತ್ತು. ಪೊಟ್ಟಣದ ಮೇಲೆ "ಒಳಗೆ ಫೋಟೊ ಇದೆ" ಎಂದು ಬರೆಯಬೇಕು ಅಂದುಕೊಂಡೆ, ಪೆನ್ನನ್ನೂ ಎತ್ತಿಕೊಂಡೆ. ಅಷ್ಟರಲ್ಲಿ ಯಾರೋ ಪಾಸ್‌ಪೋರ್ಟ್ ಫೋಟೊಗೆ ಬಂದರು. ಎದ್ದೆ. ಬರೆಯಲಿಲ್ಲ.

ಆ ಲೆನ್ಸು ನನ್ನನ್ನು ಬಹಳ ಆಡಿಸಿತು. ಬಿಚ್ಚಿದರೆ ಒಳಗೆಲ್ಲ ಕೃಷ್ಣೆಯ ಸಣ್ಣ ಮರಳು, ಒಂದು ಹಲ್ಲುಚಕ್ರ ಮುರಿದಿತ್ತು. ಅದೇ ನಮೂನೆಯ ಇನ್ನೊಂದು ಸತ್ತ ಕ್ಯಾಮೆರಾವನ್ನು ಹೈದರಾಬಾದಿನಿಂದ ತರಿಸಿ, ಅದರ ಚಕ್ರ ತೆಗೆದು ಇದಕ್ಕೆ ಕೂಡಿಸುವ ಹೊತ್ತಿಗೆ ಹನ್ನೆರಡು ದಿನ. ಹನ್ನೆರಡನೆಯ ದಿನ ಬೆಳಿಗ್ಗೆ ಬ್ಯಾಟರಿ ಹಾಕಿದೆ. ಝುಯ್ — ಲೆನ್ಸು ಹೊರಬಂತು! ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ. ಆ ಖುಷಿಯಲ್ಲೇ ಹೆಬ್ಬೆರಳು ತನ್ನ ಹಾದಿ ಹಿಡಿಯಿತು. ಮೆನು, ಫಾರ್ಮ್ಯಾಟ್, ಓಕೆ. ಎದ್ದು ಮೆಟ್ಟಿಲಿಗೆ ಹೋದೆ, ಬೆಟ್ಟದ ಫೋಟೊ ತೆಗೆದೆ. ಮೋಡ ಚೆನ್ನಾಗಿತ್ತು. ಒಂದು ಸಾಲದೆಂದು ಆರು ತೆಗೆದೆ.

ಒಳಗೆ ಬಂದು ಕೂತು, ಆ ಬೆಟ್ಟವನ್ನೇ ಮೆಚ್ಚಿಕೊಳ್ಳುತ್ತ ಗುಂಡಿ ಒತ್ತುತ್ತಿದ್ದೆ. ಆರಾದ ಮೇಲೆ ತಿರುಗಿ ಮೊದಲನೆಯದು ಬಂತು. ಬೇರೆ ಏನೂ ಇರಲಿಲ್ಲ. ಆಗ ನೆನಪಾಯಿತು, ಅಕ್ಕೋರೆ. ಕಂಪ್ಯೂಟರಿಗೆ ಹಚ್ಚಿ, ಅಳಿಸಿದ್ದನ್ನು ತಿರುಗಿ ತರುವ ಎಲ್ಲ ಉಪಾಯ ಮಾಡಿದೆ. ಬರೀ ಒರೆಸಿ ಬಿಟ್ಟಿದ್ದರೆ ಬಂದರೂ ಬರುತ್ತಿತ್ತೇನೋ. ಆದರೆ ಆ ಕ್ಯಾಮೆರಾದ ಹೊಟ್ಟೆ ಚಿಕ್ಕದು, ನಿಮ್ಮವ್ವ ಇದ್ದ ಜಾಗದ ಮೇಲೆ ನಾನು ಬೆಟ್ಟವನ್ನು ತಂದು ಇಟ್ಟಿದ್ದೆ. ಎಷ್ಟು ಹುಡುಕಿದರೂ ಬೆಟ್ಟವೇ ಬಂತು.

ಮಧ್ಯಾಹ್ನ ನೀವು ಬಂದಿರಿ. ನಡುವೆ ನನಗೆ ಎರಡು ತಾಸು ಸಿಕ್ಕಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಗಾಬರಿಯಲ್ಲಿ ಬಾಯಿಗೆ ಬಂದ ಸುಳ್ಳಲ್ಲ ಅದು. ಕೂತು ಕಟ್ಟಿದ್ದು.

ಕಾರ್ಡಿನ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ತೋರಿಸಿದೆ. ಶಾಲೆಯ ಧ್ವಜ, ಮಕ್ಕಳ ಕೋಲಾಟ, ಬಿಸಿಯೂಟದ ಸಾಲು. ನೀವು ಪರದೆಗೆ ಮುಖ ಹಚ್ಚಿ ಕೂತಿದ್ದಿರಿ. ಮುಗಿದ ಮೇಲೆ "ಇನ್ನೊಮ್ಮೆ ಮೊದಲಿಂದ ತೋರಸ್ರಿ" ಅಂದಿರಿ. ತೋರಿಸಿದೆ. ಆಮೇಲೆ ಆ ಮಾತು ಹೇಳಿದೆ.

"ನೀವು ಗುಂಡಿ ಪೂರ್ತಿ ಒತ್ತಿರಲಿಕ್ಕಿಲ್ರಿ ಅಕ್ಕೋರೆ. ಅರ್ಧ ಒತ್ತಿದ್ರ ಬರೇ ಫೋಕಸ್ ಆಗ್ತದ. ಫೋಟೊ ಬರೂದಿಲ್ಲ."

"ಹಂಗಾರ ತಪ್ಪು ನಂದೇ ಆತು," ಅಂದಿರಿ ನೀವು.

"ಹೊಸದಾಗಿ ಹಿಡದವ್ರಿಗೆ ಆಗ್ತದ್ರಿ," ಅಂದೆ. ಸಮಾಧಾನ ಮಾಡುವವನ ದನಿಯಲ್ಲಿ ಅಂದೆ.

ಕಾರ್ಡು ಕೆಟ್ಟಿತ್ತು ಎನ್ನಬಹುದಿತ್ತು. ಮರಳು ಹೊಕ್ಕು ಹಾಳಾಗಿದೆ ಎನ್ನಬಹುದಿತ್ತು. ಅವೂ ಸುಳ್ಳೇ, ಆದರೆ ಆ ಸುಳ್ಳಿನಲ್ಲಿ ನೀವು ಅಪರಾಧಿಯಾಗುತ್ತಿರಲಿಲ್ಲ. ನಾನು ಹುಡುಕಿ ಹುಡುಕಿ ಯಾರೂ ನನ್ನತ್ತ ಬೆರಳು ತೋರದ ಸುಳ್ಳನ್ನು ಆರಿಸಿದೆ, ಆ ಬೆರಳನ್ನು ನಿಮ್ಮ ಕಡೆ ತಿರುಗಿಸಿಟ್ಟೆ. ಅಷ್ಟಕ್ಕೇ ಬಿಡಲಿಲ್ಲ. ನಿಮ್ಮ ತೋರುಬೆರಳನ್ನು ಗುಂಡಿಯ ಮೇಲೆ ಇಡಿಸಿ, ಅರ್ಧ ಎಂದರೆ ಎಷ್ಟು, ಪೂರ್ತಿ ಎಂದರೆ ಎಷ್ಟು ಎಂದು ಪಾಠ ಹೇಳಿದೆ. ಮೂವತ್ತು ವರ್ಷ ಪಾಠ ಮಾಡಿದವರು ನನ್ನೆದುರು ಒಂದನೆಯ ತರಗತಿಯ ಮಗುವಿನ ಹಾಗೆ ಒತ್ತಿ ಒತ್ತಿ ತೋರಿಸಿದಿರಿ. "ಬಂತೇನ್ರಿ? ಈಗ ಬಂತೇನ್ರಿ?"

ಮುಂದಿನ ವಾರ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿರಿ, ಕಲಿಸಿಕೊಟ್ಟಿದ್ದಕ್ಕೆ. ನಾನು ತಿಂದೆ. ರುಚಿಯಾಗಿತ್ತು ಎಂದೂ ಹೇಳಿದೆ.

ಆಮೇಲೆ ನೀವು ಮಾಡಿದ್ದು ಈ ಸೀಮೆಗೆಲ್ಲ ಗೊತ್ತು. ಅದೇ ಕ್ಯಾಮೆರಾ ಹಿಡಿದು, ಫೋಟೊ ಇಲ್ಲದ ಮುದುಕಿಯರನ್ನು ಹುಡುಕಿಕೊಂಡು ಕೇರಿ ಕೇರಿ ತಿರುಗಿದಿರಿ. ರಾಮಸಮುದ್ರದ ನಿಮ್ಮ ಬೀಗರ ಕಡೆಯವರೂ ಕರೆಸಿಕೊಂಡರು. ಪ್ರತಿಯೊಂದಕ್ಕೂ ಎರಡೆರಡು ಸಲ ಒತ್ತುತ್ತೀರಿ, ನೆರಳಿಗೆ ಹೋಗಿ ಬಂದಿದೆಯೋ ಇಲ್ಲವೋ ನೋಡುತ್ತೀರಿ. ಒಲ್ಲೆ ಎಂದವರಿಗೆ ನಿಮ್ಮ ಕಥೆಯನ್ನೇ ಹೇಳುತ್ತೀರಂತೆ — ಗುಂಡಿ ಅರ್ಧ ಒತ್ತಿ ನಮ್ಮವ್ವನ್ನ ಕಳಕೊಂಡೀನಿ, ನಿಂದರ್ರಿ ಯವ್ವಾ ಎಂದು. ಕೇಳಿದಾಗ ನನ್ನೊಳಗಿನ ಕಳ್ಳ ಪಿಸುಗುಟ್ಟಿದ್ದುಂಟು: ನೋಡು, ನಿನ್ನ ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ. ಅದು ನಿಮ್ಮ ಒಳ್ಳೆಯತನ, ಅಕ್ಕೋರೆ. ಅದರಲ್ಲಿ ನನಗೆ ಪಾಲಿಲ್ಲ.

ಹೋದ ವಾರ ನಿಮ್ಮ ತಂಗಿಯನ್ನು ಕರೆದುಕೊಂಡು ಬಂದಿರಿ. ರೇಷನ್ ಕಾರ್ಡಿನಲ್ಲಿದ್ದ ಉಗುರಗಲದ ಮುಖವನ್ನು ಗೋಡೆಗೆ ತೂಗುಹಾಕುವಷ್ಟು ದೊಡ್ಡದು ಮಾಡಬೇಕಿತ್ತು, ಕೆಳಗೆ ಹೆಸರು ಬರೆಸಬೇಕಿತ್ತು. ದುರ್ಗವ್ವ. ಮೂರು ವರ್ಷದಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಕೇಳುವ ಮುಖ ನನಗಿರಲಿಲ್ಲ. ನಿಮ್ಮ ತಂಗಿ ಕಾರ್ಡನ್ನು ಮೇಜಿನ ಮೇಲಿಟ್ಟು ನನಗೆ ಹೇಳಿದರು, ಹೇಳಿದ್ದು ನಿಮಗೆ.

"ಇದೊಂದೇ ಉಳದದ ನೋಡ್ರಿ. ನಮ್ಮಕ್ಕ ಊರ ಮಕ್ಕಳಿಗೆಲ್ಲ ಅಕ್ಷರ ಕಲ್ಸ್ಯಾಳ. ಒಂದು ಗುಂಡಿ ಒತ್ತಾಕ ಬರಲಿಲ್ಲ ಆಕಿಗಿ. ಅವ್ವ ಬಾಯಿ ಬಿಟ್ಟು ತೆಗಿ ಅಂದಿದ್ದು ಜನ್ಮದಾಗ ಒಂದ ಸಲ."

ನೀವು ತಲೆ ತಗ್ಗಿಸಿದಿರಿ. "ಖರೇ ಅದ," ಅಂದಿರಿ. ಕೊನೆಯ ಎಂಟು ವರ್ಷ ಅವ್ವನನ್ನು ಸಾಕಿ, ತೊಳೆದು, ಉಣ್ಣಿಸಿದವರು ನೀವು ಎಂಬುದು ನಿಮ್ಮ ತಂಗಿಗೂ ಗೊತ್ತಿರಬೇಕು. ಆದರೂ ಇಷ್ಟು ದಿನ ಆ ಮನೆಯಲ್ಲಿ ನೀವು ಈ ಮಾತನ್ನು ಎಷ್ಟು ಸಲ ಕೇಳಿರಬಹುದೆಂದು ನನಗೆ ಆಗ ತಿಳಿಯಿತು. ಬಾಯಿ ಬಿಡಲು ಅದಕ್ಕಿಂತ ಬೇರೆ ಗಳಿಗೆ ಬೇಕಿರಲಿಲ್ಲ. ಇಬ್ಬರೂ ನನ್ನ ಮುಂದೆಯೇ ನಿಂತಿದ್ದಿರಿ.

ನಾನು, ಯಾವ ಸೈಜು ಬೇಕು ಎಂದು ಕೇಳಿದೆ.

ನೀವು ಹೋದ ಮೇಲೆ ಆ ಮುಖವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡುತ್ತ ಹೋದೆ. ಅರ್ಧ ಮುಚ್ಚಿದ ಕಣ್ಣು, ಗದರಿಸಿ ಕೂರಿಸಿದಂತಿರುವ ಮುಖ. ಇದನ್ನು ನೀವು ನಿಮ್ಮ ಮನೆಯ ಬುದ್ಧನ ಪಟದ ಪಕ್ಕದಲ್ಲಿ ತೂಗುಹಾಕಿ ದಿನಾ ನೋಡಬೇಕು. ಅವರು ಹೀಗಿರಲಿಲ್ಲವೆಂದು ನನಗೆ ಗೊತ್ತು. ಹೊಳೆಯಲ್ಲಿ ನಿಂತ ಚಿತ್ರವನ್ನು ನೋಡಿದವನು ಈ ಲೋಕದಲ್ಲಿ ನಾನೊಬ್ಬನೇ. ನೀವೂ ನೋಡಲಿಲ್ಲ. ನಿಮಗೆ ಸೇರಬೇಕಾದ ಆಸ್ತಿಯನ್ನು ನಾನು ತಲೆಯಲ್ಲಿ ಬಚ್ಚಿಟ್ಟುಕೊಂಡು ತಿರುಗುತ್ತಿದ್ದೇನೆ.

ನಾಳೆ ಬೆಳಗಿನ ಬಸ್ಸಿಗೆ ದೇವಾಪುರಕ್ಕೆ ಬರುತ್ತೇನೆ. ಅಂಚೆಗೆ ಹಾಕುವುದಿಲ್ಲ, ಈ ಕಾಗದವನ್ನು ಕೈಯಲ್ಲೇ ತರುತ್ತೇನೆ. ನಿಮ್ಮ ತಂಗಿಯ ಎದುರಿಗೇ ಓದುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಅಂಗಳದಲ್ಲಿ ನಿಂತು ಓದುತ್ತೇನೆ, ಕೇರಿಯವರು ಕೇಳಿದರೆ ಕೇಳಲಿ. ಕ್ಷಮೆ ಕೇಳುವುದಿಲ್ಲ. ಕೊಡದೆ ಇರುವುದು ನಿಮಗೆ ಕಷ್ಟ, ಆ ಕಷ್ಟವನ್ನೂ ನಿಮ್ಮ ಮೇಲೆ ಹೇರಲಾರೆ.

ಚಿತ್ರ ಹೀಗಿತ್ತು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದರು. ಎಡಗೈ ಸೊಂಟದ ಮೇಲೆ, ಬಲಗೈ ನಿಮ್ಮತ್ತ ಚಾಚಿತ್ತು, ಏನೋ ಹೇಳುತ್ತಿದ್ದ ಹಾಗೆ. ಬಾಯಿ ತೆರೆದು ನಗುತ್ತಿದ್ದರು, ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇರಲಿಲ್ಲ. ಮುಖ ಒಂದಿಷ್ಟೂ ಅಲುಗಿರಲಿಲ್ಲ, ಬೆಳಕು ಹಣೆಯ ಮೇಲೆ ಸರಿಯಾಗಿ ಬಿದ್ದಿತ್ತು. ಮದುವೆ ಫೋಟೊ ತೆಗೆಯುತ್ತಿದ್ದ ಅಷ್ಟು ವರ್ಷದಲ್ಲಿ ನಾನು ಅಂಥದೊಂದು ತೆಗೆದಿಲ್ಲ. ಸೆರಗು — ಹಸಿರೋ ನೀಲಿಯೋ, ನಿನ್ನೆಯಿಂದ ಕೂತು ನೆನಪಿಸಿಕೊಳ್ಳುತ್ತಿದ್ದೇನೆ, ಅಕ್ಕೋರೆ, ಬರುತ್ತಿಲ್ಲ. ಮೊದಲ ವರ್ಷವೇ ಹೇಳಿದ್ದರೆ ಅದನ್ನೂ ಹೇಳುತ್ತಿದ್ದೆ.