ತಾಮ್ರದ ಹಂಡೆಯಲ್ಲಿ ಕುರಿಯ ತೊಡೆ

ಬೆಳಗ್ಗೆ ಎದ್ದು ನೀರೊಲೆಯ ಮುಂದೆ ಕೂತೆ. ಇದರಲ್ಲಿ ವಿಶೇಷ ಏನೂ ಇಲ್ಲ. ಭಾನುವಾರವಾದರೂ ಮನೆಮಂದಿಗೆಲ್ಲ ಸ್ನಾನಕ್ಕೆ ಬಿಸಿನೀರು ಬೇಕಲ್ಲ? ಒಣಗಿದ ತೆಂಗಿನ ಗರಿ ತುರುಕಿದೆ, ಊದುಕೊಳವೆ ಹಿಡಿದು ಊದಿದೆ, ಕಣ್ಣೊರೆಸಿಕೊಂಡೆ, ಮತ್ತೆ ಊದಿದೆ. ಒಲೆ ಹತ್ತಿಕೊಳ್ಳುವ ಹೊತ್ತಿಗೆ ಸೆರಗಿನ ತುದಿ ಒದ್ದೆ.

ಆದರೆ ಅವತ್ತು ಒಳಗೊಳಗೇ ಒಂದು ಖುಷಿ. ಇನ್ನೊಂದೇ ದಿನ! ಸೋಮವಾರ ನಮ್ಮ ಮನೆಗೆ ಬಾಯ್ಲರ್ ಬರುವುದಿತ್ತು. (ನೋಡಿರುತ್ತೀರಿ. ನಡುವೆ ಒಂದು ಕೊಳವೆ, ಅದರೊಳಗೆ ನಾಲ್ಕು ಕರಟ ಹಾಕಿದರೆ ಸಾಕು, ನಲ್ಲಿ ತಿರುಗಿಸಿದರೆ ಬಿಸಿನೀರು. ಹೊಗೆ ಮೇಲಕ್ಕೆ ಹೋಗುತ್ತದೆ, ನಮ್ಮ ಮುಖಕ್ಕಲ್ಲ.) ನಮ್ಮ ಕೆ.ಆರ್. ಪೇಟೆಯ ಪಾತ್ರೆ ಅಂಗಡಿಯವರು ಅಟ್ಟದ ಮೇಲಿನ ಹಳೇ ತಾಮ್ರದ ಹಂಡೆ ತಗೊಂಡು ಬಾಯ್ಲರ್ ಕೊಡಲು ಒಪ್ಪಿದ್ದರು.

ಅಂಗಡಿಯವರನ್ನು ಒಪ್ಪಿಸುವುದೇನು ಮಹಾ? ನಮ್ಮ ಅತ್ತೆಯನ್ನು ಒಪ್ಪಿಸಬೇಕಿತ್ತಲ್ಲ! ಆ ಹಂಡೆಯ ತಳ ಸೋರುತ್ತದೆ. ಆದರೂ ದೀಪಾವಳಿಗೆ ನೀರು ತುಂಬುವ ದಿನ ಅದನ್ನು ಕೆಳಗಿಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಸುಣ್ಣದ ಗೆರೆ ಎಳೆದು, ಕೊರಳಿಗೆ ಹಾಗಲಬಳ್ಳಿ ಸುತ್ತಿ ಪೂಜೆ ಮಾಡಲೇಬೇಕು. "ಪೂಜೆ ಮಾಡಿದ್ ಹಂಡೆನ ಅಂಗ್ಡಿಗೆ ಆಕ್ಬುಡದಾ? ಚೆನ್ನಾಗೈತೆ!" ಅಂತ ಎರಡು ದೀಪಾವಳಿ ಕಳೆದವು. ಕೊನೆಗೆ ಹೋದ ವಾರ, "ಆಯ್ತು ಬುಡವ್ವ, ನಿನ್ ಕಣ್ಣು ನೋಡಕ್ಕಾಗಕಿಲ್ಲ" ಅಂದರು. ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ.

ನೀರೊಲೆ ಉರಿ ಹಿಡಿದ ಮೇಲೆ ಹಾಲು ತರಲು ಹೋದೆ. ವಾಪಸ್ಸು ಬರುವಷ್ಟರಲ್ಲಿ ಹಿತ್ತಲಲ್ಲಿ ಟಣ್ ಟಣ್ ಸದ್ದು. ನಮ್ಮ ಯಜಮಾನರು ಲುಂಗಿ ಎತ್ತಿ ಕಟ್ಟಿ, ಹಂಡೆ ಬೋರಲು ಹಾಕಿಕೊಂಡು, ಉಳಿ ಸುತ್ತಿಗೆಯಿಂದ ಅದರ ತಳಕ್ಕೆ ತೂತು ಹೊಡೆಯುತ್ತಿದ್ದಾರೆ!

"ರೀ, ಇದೇನ್ರೀ ಇದು?"

"ಸ್ಮೋಕರ್ ಕಣೇ."

ನಮ್ಮ ಬೀದಿಗೂ ಈಗ ಕೇಬಲ್ ಬಂದಿದೆ. ಚಡ್ಡಿ ಹಾಕಿದ ಯಾವನೋ ಫಾರಿನ್ನವನು ಎಣ್ಣೆ ಡ್ರಮ್ಮಿನೊಳಗೆ ಇಡೀ ಕುರಿ ತೊಡೆ ಇಟ್ಟು ಬರೀ ಹೊಗೆಯಲ್ಲೇ ಬೇಯಿಸಿದನಂತೆ. ಇವರು ಅದನ್ನು ನೋಡಿದ್ದಾರೆ. ಡ್ರಮ್ಮು ಸಿಗಲಿಲ್ಲ, ಹಂಡೆ ಸಿಕ್ಕಿತು.

"ಅದು ನಾಳೆ ಅಂಗಡಿಗೆ ಹೋಗಬೇಕು. ನಿಮಗೆ ಹೇಳಿದ್ದೆ."

"ಹೋಗ್ಲಿ. ತಾಮ್ರನ ತೂಕಕ್ಕೆ ತಾನೇ ತಗೊಳ್ಳೋದು? ತೂತು ಹೊಡೆದ್ರೆ ಎಷ್ಟು ಕಮ್ಮಿಯಾಗ್ತದೆ? ಇವತ್ತೊಂದಿನ ಕಣೇ."

ವಾದವೇನೋ ಸರಿಯಾಗೇ ಇತ್ತು. ಕಾನ್ವೆಂಟಿನಲ್ಲಿ ನಮಗೆ ಪ್ಲೀಸ್, ಥ್ಯಾಂಕ್ಯೂ, ಎಕ್ಸ್‌ಕ್ಯೂಸ್ ಮಿ ಎಲ್ಲ ಕಲಿಸಿದ್ದರು. ಗಂಡನ ಕೈಯಿಂದ ಸುತ್ತಿಗೆ ಕಿತ್ತುಕೊಳ್ಳುವಾಗ ಏನನ್ನಬೇಕು ಅಂತ ಹೇಳಿಕೊಟ್ಟಿರಲಿಲ್ಲ. ಹಾಲು ಒಲೆಗಿಡಲು ಒಳಗೆ ಹೋದೆ.

ಮನೆ ಕಟ್ಟಿಸಿದಾಗ ಉಳಿದಿದ್ದ ಮರಳು ಜರಡಿಯ ತಂತಿಬಲೆ ಕತ್ತರಿಸಿ ಹಂಡೆಯೊಳಗೆ ಕೂರಿಸಿದರು. ಬಲೆಯ ಮೇಲೆ ತೊಡೆ, ಕೆಳಗೆ ಕರಟದ ಕೆಂಡ, ಕೆಂಡ ನೋಡಿಕೊಳ್ಳಲು ಪಕ್ಕದಲ್ಲಿ ಕೈ ಹೋಗುವಷ್ಟು ಕೊರೆದ ಕಿಂಡಿ. ಅದರ ಮೇಲೆ ಆಲೆಮನೆಯಿಂದ ತಂದ ಕಬ್ಬಿನ ಸಿಪ್ಪೆ, ನೀರು ಚಿಮುಕಿಸಿದ್ದು. ಮುಚ್ಚಳಕ್ಕೆ ನನ್ನ ದೊಡ್ಡ ಬಾಣಲೆ. ಹೊಗೆ ಸೋರುತ್ತಿದೆ ಅಂದರು. ರಾಗಿಹಿಟ್ಟು ಕಲೆಸಿ ಬಾಯಿಯ ಸುತ್ತ ಮೆತ್ತಿದವಳು ನಾನೇ.

ಉಳಿದಿದ್ದು ಒಂದೇ ಆಸೆ, ಅತ್ತೆ. ಪೂಜೆ ಮಾಡಿದ ಹಂಡೆಯಲ್ಲಿ ಬಂಡೂರು ಕುರಿಯ ತೊಡೆ! ಬೈಯದೆ ಇರುತ್ತಾರೆಯೇ? ಹಿತ್ತಲಿಗೆ ಬಂದರು. ಹಂಡೆ ನೋಡಿದರು. ಮಗನನ್ನು ನೋಡಿದರು.

"ಉಪ್ಪು ಆಕಿದ್ದೀಯೇನ್ಲಾ ಮಗ?"

"ಉರಿ ಏಳಬಾರದು, ಹೊಗೆ ನಿಲ್ಲಬಾರದು" ಅಂತ ಯಜಮಾನರು ಸ್ವಲ್ಪ ಹೊತ್ತು ಕಾವಲು ಕೂತರು. ಆಮೇಲೆ ಕ್ರಿಕೆಟ್ ಮ್ಯಾಚ್ ಶುರುವಾಯಿತು. "ಸ್ವಲ್ಪ ನೋಡ್ಕೊಳೇ, ನಿಂಗೆ ಇದೆಲ್ಲ ಚೆನ್ನಾಗಿ ಗೊತ್ತು" ಅಂತ ಒಳಗೆ ಹೋದವರು ವಿಕೆಟ್ ಬಿದ್ದಾಗ ಕೂಗಿದ್ದು ಕೇಳಿಸಿತು, ಅಷ್ಟೆ.

ಮಧ್ಯಾಹ್ನವೆಲ್ಲ ಕೂತಿದ್ದೆ. ಒದ್ದೆ ಸಿಪ್ಪೆ ಹಾಕಿದೊಡನೆ ಹೊಗೆ ದಪ್ಪಗೆ ಬೆಳ್ಳಗೆ ಬರುತ್ತದೆ. ಆಮೇಲೆ ತೆಳ್ಳಗಾಗಿ ನೀಲಿಗೆ ತಿರುಗುತ್ತದೆ, ಬೆಲ್ಲ ಸೀದ ವಾಸನೆ. ಹೋದ ದೀಪಾವಳಿಯಲ್ಲಿ ನಾನೇ ಎಳೆದಿದ್ದ ಸುಣ್ಣದ ಗೆರೆಗಳು ಹಂಡೆಯ ಭುಜದ ಮೇಲೆ ಇನ್ನೂ ಇದ್ದವು. ಒಂದೊಂದೇ ಕಪ್ಪಾಗುತ್ತಿದ್ದವು.

ಒಂದು ಮಾತು ಹೇಳಲೇ? ಇದು ಕೆಟ್ಟುಹೋಗಲಿ ಅಂತ ದೇವರಲ್ಲಿ ಬೇಡಿಕೊಂಡೆ. ಕೆಟ್ಟರೆ ಹಂಡೆ ನಾಳೆ ಅಂಗಡಿಗೆ. ರುಚಿಯಾದರೆ? ಒಂದು ಸಲ ಜೋರಾಗಿ ಊದಿದ್ದರೆ ಸಾಕಿತ್ತು, ಉರಿ ಎದ್ದು ಮಾಂಸ ಕರಕಲಾಗುತ್ತಿತ್ತು. ಊದುಕೊಳವೆ ಕೈಯಲ್ಲೇ ಇತ್ತು. ಆದರೆ ಉರಿ ಎದ್ದಾಗಲೆಲ್ಲ ಈ ಕೈ ತಾನಾಗಿ ಹೋಗಿ ನೀರು ಚಿಮುಕಿಸಿ ಬರುತ್ತಿತ್ತು. ಇಷ್ಟು ವರ್ಷ ಅಡುಗೆ ಮಾಡಿದವರಿಗೆ ಬೇಕೆಂದೇ ಕೆಡಿಸುವುದು ಅಷ್ಟು ಸುಲಭವೇ?

ಸಂಜೆ ಬಾಣಲೆ ಎತ್ತಿದರು. ಮಾಂಸ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಮೂಳೆ ಬಿಟ್ಟು ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ರುಚಿಯಾಗಿತ್ತು. ಅತ್ತೆ ಎರಡನೇ ಸಲ ತಟ್ಟೆ ಮುಂದೆ ತಳ್ಳಿದರು.

"ಇಂಥದ್ನ ಯಾರಾದ್ರೂ ಅಂಗಡಿಗೆ ಹಾಕ್ತಾರೇನವ್ವಾ?" ಅಂದರು ಯಜಮಾನರು. "ಮುಂದಿನ ಭಾನುವಾರ ನಾಗಮಂಗಲದಿಂದ ಭಾವನ್ನ ಕರೆಸಣ."

"ಊಂ ಕಣ್ಲಾ" ಅಂದರು ಅತ್ತೆ, ಬೆರಳು ಚೀಪುತ್ತಾ.

ಬಾಯ್ಲರ್ ಅನ್ನುವ ಶಬ್ದ ಯಾರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ. ಅತ್ತೆಯ ತಟ್ಟೆಗೆ ಇನ್ನೊಂದು ಚೂರು ಬಡಿಸಿದೆ. ನನ್ನ ಕಣ್ಣಿಗೆ ಎರಡು ದೀಪಾವಳಿ ಬೇಕಾದವು. ಅವರ ನಾಲಿಗೆಗೆ ಒಂದು ಭಾನುವಾರ ಸಾಕಾಯಿತು.

ಮಾರನೆಯ ದಿನ ಸೋಮವಾರ, ಮನೆದೇವರ ವಾರ. ಮನೆಯಲ್ಲಿ ಮಾಂಸ ಉಳಿಯುವ ಹಾಗಿಲ್ಲ. ಮಿಕ್ಕಿದ್ದನ್ನು ರಾತ್ರಿಯೇ ಬಟ್ಟಲಿಗೆ ಹಾಕಿ ಕಾಂಪೌಂಡಿನ ಮೇಲಿಂದ ಪಕ್ಕದ ಮನೆ ಜಯಮ್ಮನಿಗೆ ಕೊಟ್ಟೆ. ಅಲ್ಲೇ ನಿಂತು ಒಂದು ಚೂರು ಬಾಯಿಗೆ ಹಾಕಿಕೊಂಡಳು, ಕಣ್ಣರಳಿಸಿದಳು.

"ಯಪ್ಪಾ, ಏನ್ ರುಚಿ! ಅಷ್ಟೊತ್ತೂ ಯಾರಕ್ಕಾ ಅದ್ರ ಮುಂದೆ ಕೂತಿದ್ದು?"

"ನಾನೇ."

"ನಿಮ್ಗೇನ್ ಬುಡಿ," ಅಂದಳು, ಎರಡನೇ ಚೂರು ಆರಿಸುತ್ತಾ. "ಹೊಗೆ ನಿಮ್ಗೆ ಅಭ್ಯಾಸ ಆಗೋಗದೆ."