ಕೆಮಿಸ್ಟ್ರಿ ಮೇಷ್ಟ್ರ ದನಿ

ನಮ್ಮ ಕೆಮಿಸ್ಟ್ರಿ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಅರಿಶಿನ ಅರೆದವರ ಉಗುರಿನಂತೆ ಹಳದಿ. ನೈಟ್ರಿಕ್ ಆಸಿಡ್ ಬಳಿದ ಬಣ್ಣ, ಸೀಗೆಪುಡಿಗೂ ಬಗ್ಗುತ್ತಿರಲಿಲ್ಲ. ಮೈಸೂರಿನಿಂದ ಹೊರಡುವ ಸಂಜೆ ರೈಲಿನ ಹಲಗೆಯ ಮೇಲೆ ಅವರು ತೂಕಡಿಸುವಾಗ ಆ ಹೆಬ್ಬೆರಳೊಂದು ಮಾತ್ರ ಎಚ್ಚರವಾಗಿದ್ದು, ಗಾಲಿಯ ಸದ್ದಿಗೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಯುದ್ಧದ ಕಾಲ. ಸೀಮೆಎಣ್ಣೆ ಇಲ್ಲ, ಬಟ್ಟೆ ಇಲ್ಲ, ರೈಲಿನಲ್ಲಿ ಕೂರಲು ಜಾಗವಿಲ್ಲ. ಮಂಡ್ಯದ ಸುತ್ತ ಎತ್ತ ನೋಡಿದರೂ ಕಬ್ಬು, ಮೇಷ್ಟ್ರ ಪಾಠಕ್ಕೆ ಮಾತ್ರ ಒಂದು ಹಿಡಿ ಸಕ್ಕರೆ ಸಿಗುತ್ತಿರಲಿಲ್ಲ. ದ್ರಾವಣದ ಪಾಠವನ್ನೆಲ್ಲ ಉಪ್ಪಿನಲ್ಲೇ ಮುಗಿಸುತ್ತಿದ್ದರು. ಅವರು ಮಂಡ್ಯದ ಗುತ್ತಲಿನವರು. ನಾನು ಸೋಮನಹಳ್ಳಿಯವನು, ಮದ್ದೂರಿನಲ್ಲಿ ರೈಲು ಹತ್ತಿ ಮೈಸೂರಿನ ಕಾಲೇಜಿಗೆ ಇಂಟರ್‌ಮೀಡಿಯೆಟ್ ಓದಲು ಹೋಗುತ್ತಿದ್ದೆ. ಓದಲು ಎನ್ನುವುದು ನಮ್ಮಪ್ಪನ ನಂಬಿಕೆ. ನನಗೆ ಹತ್ತುತ್ತಿದ್ದದ್ದು ಪಾಠವಲ್ಲ, ಬೇರೆಯವರ ದನಿ. ಟಿಕೆಟ್ ಕಲೆಕ್ಟರು, ಕಾಗೆ, ನಮ್ಮಪ್ಪ, ಇಂಜಿನ್ನು, ಯಾವುದು ಬೇಕಾದರೂ ನನ್ನ ಬಾಯಲ್ಲಿ ಬರುತ್ತಿತ್ತು. ಕೆಮಿಸ್ಟ್ರಿಯೊಂದನ್ನು ಬಿಟ್ಟು.

ತರಗತಿಯಲ್ಲಿ ಮೇಷ್ಟ್ರದು ಇಸ್ತ್ರಿ ಮಾಡಿದ ಇಂಗ್ಲಿಷು. ನಾಲ್ಕು ವಾಕ್ಯಕ್ಕೊಂದು ಕೆಮ್ಮು, ಕೆಮ್ಮಿನ ಹಿಂದೆಯೇ ಒಂದು ದಣಿದ ‘ಹ್ಞೂ’. ರೈಲು ಹತ್ತಿದರೆ ಅದೇ ಪಾಠ ಮಂಡ್ಯದ ಮಾತಿಗೆ ಇಳಿಯುತ್ತಿತ್ತು. ಒಮ್ಮೆ ಮಳವಳ್ಳಿಗೆ ಹೋಗುವ ಇದ್ದಿಲ ಬಸ್ಸಿನಲ್ಲೂ ಅವರು ಸಿಕ್ಕಿದ್ದರು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಆ ಬಸ್ಸು ಏರಿನಲ್ಲಿ ಉಸಿರು ಬಿಟ್ಟು ನಿಂತಿತು. ಜನರೆಲ್ಲ ಇಳಿದು ಡ್ರೈವರ್ ಸಾಬರ ಮೇಲೆ ಕೂಗಾಡುತ್ತಿದ್ದರೆ ಮೇಷ್ಟ್ರು ಹಿಂದೆ ಹೋಗಿ, ಅಲ್ಲಿ ಕಟ್ಟಿದ್ದ ಇದ್ದಿಲ ಕುಲುಮೆಗೆ ಗಾಳಿ ಊದುವ ಹಿಡಿ ಹಿಡಿದು ತಿರುಗಿಸತೊಡಗಿದರು.

“ಬೈದ್ರೆ ಬೇಗ ಆಗಕ್ಕಿಲ್ಲ ಕಣ್ರಪ್ಪ. ಗಾಳಿ ಕೊಡಿ, ಇಲ್ಲಾ ಸುಮ್ಕೆ ಕೂತ್ಕಳಿ” ಎಂದರು.

ರಾಸಾಯನಿಕ ಕ್ರಿಯೆಯ ವೇಗದ ಬಗ್ಗೆ ಪುಸ್ತಕ ಹೇಳಿದ್ದನ್ನೆಲ್ಲ ಅವರು ಎಲ್ಲ ಕಡೆಯೂ ಇಷ್ಟರಲ್ಲೇ ಮುಗಿಸುತ್ತಿದ್ದರು. ಮಗ ಪಾಸಾಗಲಿಲ್ಲವೆಂದು ಕೂಗಾಡಿಕೊಂಡು ಬರುವ ತಂದೆಗೂ ಇದೇ ಉತ್ತರ.

ನಾನು ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಅವರ ಗಂಟಲು ಕೈಕೊಟ್ಟಿತು. ಮೊದಲು ದನಿ ಒಡೆಯಿತು, ಆಮೇಲೆ ಪಿಸುಮಾತಷ್ಟೇ ಉಳಿಯಿತು. ಮನೆಯಲ್ಲಿ ಮೇಷ್ಟ್ರ ಹೆಂಡತಿ, ನಾವೆಲ್ಲ ಅಮ್ಮ ಎಂದು ಕರೆಯುತ್ತಿದ್ದವರು, ಕಷಾಯದ ಮೇಲೆ ಕಷಾಯ ಕುಡಿಸಿದರು. ಪರೀಕ್ಷೆ ಕಳೆಯುವವರೆಗೆ ಬಾಯಿ ತೆರೆಯಬೇಡಿ ಎಂದರು ಡಾಕ್ಟರು. ಬಾಯಿ ತೆರೆಯದ ಮೇಷ್ಟ್ರನ್ನು ಯಾವ ಕಾಲೇಜು ಇಟ್ಟುಕೊಳ್ಳುತ್ತದೆ? ಕೆಮಿಸ್ಟ್ರಿ ಕಲಿತ ಹುಡುಗರೆಲ್ಲ ಯುದ್ಧದ ಕೆಲಸಕ್ಕೆ ಹೋಗಿದ್ದರು, ಬದಲಿಗೆ ಯಾರೂ ಇರಲಿಲ್ಲ. ಅವರು ಮನೆಗೆ ಹೋದರೆ ನಮ್ಮ ತರಗತಿ ಮುಚ್ಚಿದಂತೆಯೇ.

ಅಂಥ ಒಂದು ಸಂಜೆ ನಾನು ರೈಲಿನಲ್ಲಿ ಅವರ ಅಣಕ ಮಾಡುತ್ತಿದ್ದೆ. ಕೆಮ್ಮು, ‘ಹ್ಞೂ’, ಸೀಮೆಸುಣ್ಣ ಒರೆಸುವ ಭಂಗಿ, ಎಲ್ಲ. ಡಬ್ಬಿಯೆಲ್ಲ ನಗುತ್ತಿತ್ತು. ಮೂಲೆಯಲ್ಲಿ ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಮಲಗಿದ್ದ ಮನುಷ್ಯ ಟವೆಲ್ಲು ತೆಗೆದ. ಹಳದಿ ಉಗುರು ನೋಡಿದ ಮೇಲೆ ನನ್ನ ಗಂಟಲೂ ಕೈಕೊಟ್ಟಿತು.

ಮೇಷ್ಟ್ರು ಹತ್ತಿರ ಕರೆದು ಪಿಸುಗುಟ್ಟಿದರು: “ಇನ್ನೊಂದ್ ಸಲ ಮಾಡ್ಲಾ.”

“ತಪ್ಪಾಯ್ತು ಸಾ.”

“ತಪ್ಪು ಆಮೇಲ್ ನೋಡವ. ಮಾಡು.”

ಮಾಡಿದೆ. ಕಣ್ಣು ಮುಚ್ಚಿ ಕೇಳಿದರು. “ನಾಳೆಯಿಂದ ಮುಂದಿನ ಬೆಂಚಲ್ಲಿ ಕೂತ್ಕೊ” ಎಂದರು.

ಉಪಾಯ ಅಷ್ಟೇನೂ ದೊಡ್ಡದಲ್ಲ. ನಮ್ಮ ಪ್ರಿನ್ಸಿಪಾಲರು ತರಗತಿಯೊಳಕ್ಕೆ ಕಾಲಿಡುವವರಲ್ಲ. ವರಾಂಡದಲ್ಲಿ ನಡೆಯುತ್ತ, ಕಿಟಕಿಯ ಕೆಳಗೆ ನಿಂತು ಮೇಷ್ಟ್ರ ದನಿ ಕೇಳಿಸಿಕೊಂಡು ಮುಂದೆ ಹೋಗುವುದು ಅವರ ಪದ್ಧತಿ. ಅವರಿಗೆ ಬೇಕಾದದ್ದು ದನಿ. ಬೋರ್ಡಿನ ಕೆಲಸ, ಗಾಜಿನ ಕೊಳವೆಯ ಕೆಲಸ ಮೇಷ್ಟ್ರದು. ಗಂಟಲಿನ ಕೆಲಸ ನನ್ನದು.

ಪ್ರತಿ ಪಾಠದ ಹಿಂದಿನ ಸಂಜೆ ರೈಲು ಫ್ರೆಂಚ್ ರಾಕ್ಸ್ ಸ್ಟೇಷನ್ ದಾಟಿದ ಮೇಲೆ ಅಭ್ಯಾಸ. ಅವರು ಪಿಸುಗುಟ್ಟುವುದು, ನಾನು ಒಪ್ಪಿಸುವುದು. ಗಿಣಿಪಾಠ ಮಾಡಿದರೆ ತೊಡೆಗೆ ಚಿವುಟುತ್ತಿದ್ದರು.

“ಅರ್ಥ ಆಗ್ದೆ ಯೋಳ್ಬ್ಯಾಡ ಕಣ್ಲಾ. ಅರ್ಥ ಆಗ್ದಿದ್ರೆ ಅದು ನನ್ ದನಿ ಅಂಗಿರಕ್ಕಿಲ್ಲ.”

ಆತಗೂರಿನ ಬೆಲ್ಲದ ವ್ಯಾಪಾರಿಯೊಬ್ಬರು ದಿನವೂ ಎದುರಿಗೆ ಕೂತು ಇದನ್ನು ನೋಡಿ ನೋಡಿ ಒಮ್ಮೆ ಕೇಳಿಯೇಬಿಟ್ಟರು. “ಏನ್ ಮಂತ್ರ ಸಾಮಿ ಅದು, ಈ ಹೈದನ ಬಾಯಲ್ಲಿ ಯೋಳುಸ್ತಿರೋದು?”

“ಸಕ್ಕರೆ ನೀರಲ್ಲಿ ಯಾಕೆ ಕರಗ್ತದೆ ಅಂತ” ಎಂದೆ, ಮೇಷ್ಟ್ರ ದನಿಯಲ್ಲಿ.

“ಮೊದ್ಲು ಕಂಟ್ರೋಲ್ ಅಂಗ್ಡೀಲಿ ಸಿಗ್ಲಿ ಬುಡಪ್ಪ, ಆಮ್ಯಾಕೆ ಕರಗ್ಲಿ.”

ಮೇಷ್ಟ್ರು ಸದ್ದಿಲ್ಲದೆ ನಕ್ಕರು. ನಕ್ಕದ್ದಕ್ಕೇ ಸುಸ್ತಾಗಿ ಕಿಟಕಿಗೆ ತಲೆ ಆನಿಸಿದರು.

ಕೆಮ್ಮನ್ನು ಮಾತ್ರ ಬಿಡಬೇಡ ಎಂದಿದ್ದರು. ಕೆಮ್ಮಿಲ್ಲದಿದ್ದರೆ ಪ್ರಿನ್ಸಿಪಾಲರಿಗೆ ಅನುಮಾನ ಬರುತ್ತದೆ ಎಂದು ಅವರ ಲೆಕ್ಕಾಚಾರ. ಹೀಗೆ ವಾರಗಟ್ಟಲೆ ಸಾಗಿತು. ನನ್ನ ಗೆಳೆಯರಿಗೆ ನಗು ತಡೆಯುವುದೇ ಒಂದು ಸಬ್ಜೆಕ್ಟಾಯಿತು. ನನಗೋ, ಪಾಠ ಅರ್ಥವಾಗತೊಡಗಿದ ಅವಮಾನ.

ಅಮೃತಶಿಲೆಯ ಚೂರಿಗೂ ಪುಡಿಗೂ ಆಸಿಡ್ ಹಾಕಿ ತೋರಿಸುವ ದಿನ ಬಂತು. ಚೂರು ನಿಧಾನವಾಗಿ ಗುಳ್ಳೆ ಬಿಡುತ್ತದೆ, ಪುಡಿ ಒಮ್ಮೆಗೇ ನೊರೆಯುಕ್ಕುತ್ತದೆ. ವರಾಂಡದಲ್ಲಿ ಬೂಟಿನ ಸದ್ದಾಯಿತು. ನಾನು ತಲೆ ತಗ್ಗಿಸಿ ಪಾಠ ಮುಂದುವರಿಸಿದೆ. ಮೇಷ್ಟ್ರು ಪುಡಿಗೆ ಆಸಿಡ್ ಸುರಿದರು. ನೊರೆ ಎದ್ದು, ಆಸಿಡ್ಡಿನ ಹಬೆ ಅವರ ಮೂಗಿಗೆ ಹೊಡೆದು, ಬೋರ್ಡಿನ ಬಳಿಯಿಂದ ನಿಜವಾದ ಕೆಮ್ಮೊಂದು ಎದ್ದಿತು. ಅದೇ ಹೊತ್ತಿಗೆ ನನ್ನ ನಾಲ್ಕನೇ ವಾಕ್ಯ ಮುಗಿದಿತ್ತು. ಅಭ್ಯಾಸದಂತೆ ನಾನೂ ಕೆಮ್ಮಿದೆ. ಒಬ್ಬರೇ ಮೇಷ್ಟ್ರು ಎರಡು ಕಡೆ ನಿಂತು ಕೆಮ್ಮಿದಂತಾಯಿತು.

ಬೂಟಿನ ಸದ್ದು ನಿಂತಿತು. ಬಾಗಿಲಲ್ಲಿ ಪ್ರಿನ್ಸಿಪಾಲರು.

ಆಗ ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಅವನ ಪಕ್ಕದವನೂ. ನೋಡುತ್ತಿದ್ದಂತೆ ಇಡೀ ತರಗತಿ, ಕ್ಷಯದ ಆಸ್ಪತ್ರೆಯ ಹಾಗೆ, ಕೆಮ್ಮತೊಡಗಿತು. ಪ್ರಿನ್ಸಿಪಾಲರು ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಆಸಿಡ್ ಸೀಸೆಯನ್ನು ಎದೆಗೊತ್ತಿಕೊಂಡು ನಿಂತಿದ್ದರು. ತುಟಿ ಅಲ್ಲಾಡಿತು, ಏನೂ ಕೇಳಿಸಲಿಲ್ಲ.

“ಆ ಕಡೆಯ ಕಿಟಕಿಗಳನ್ನೂ ತೆಗೆಸಿ. ಹುಡುಗರಿಗೆ ಹೊಗೆ ಆಗುವುದಿಲ್ಲ” ಎಂದರು ಪ್ರಿನ್ಸಿಪಾಲರು. ಹೊರಟುಹೋದರು. ಅಂದಿನಿಂದ ನಮ್ಮ ವರಾಂಡದ ಕಡೆ ಬರುವುದನ್ನೇ ಬಿಟ್ಟರು.

ಪಾಠ ಪೂರ್ತಿ ಮುಗಿಯಿತು, ಪರೀಕ್ಷೆಯೂ ಆಯಿತು. ಕೆಮಿಸ್ಟ್ರಿಯಲ್ಲಿ ನಾನು ಪಾಸಾದೆನೆಂದು ತಿಳಿದಾಗ ನಮ್ಮಪ್ಪನಿಗಿಂತ ಹೆಚ್ಚು ಗಾಬರಿಯಾದದ್ದು ನನಗೆ. ಮೇಷ್ಟ್ರ ದನಿ ಮಾತ್ರ ಮರಳಲಿಲ್ಲ. ರಜೆಯ ಮೇಲೆ ಹೋದವರು ಮತ್ತೆ ರೈಲು ಹತ್ತಲಿಲ್ಲ.

ಗುತ್ತಲಿನ ಮನೆಗೆ ನೋಡಲು ಹೋದೆ. ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು, ಪಿಸುಮಾತೂ ಹೋಗಿತ್ತು. ಅಮ್ಮ ಮಜ್ಜಿಗೆ ತಂದುಕೊಟ್ಟು, ಸೆರಗು ಹೊದ್ದು ಬಾಗಿಲಲ್ಲಿ ಕೂತರು.

“ಇವ್ರ ಅಂಗೆ ಮಾತಾಡ್ತೀಯಂತಲ್ಲಪ್ಪ. ಒಂದೀಟು ಆಡು, ಕೇಳವ.”

ನಾನು ಮೇಷ್ಟ್ರ ಕಡೆ ನೋಡಿದೆ. ಆಡು ಎಂದು ತಲೆಯಾಡಿಸಿದರು.

ಆದರೆ ಏನು ಆಡುವುದು? ಅವರು ಮನೆಯಲ್ಲಿ ಹೇಗೆ ಮಾತಾಡುತ್ತಿದ್ದರು, ಆಕೆಯನ್ನು ಏನೆಂದು ಕರೆಯುತ್ತಿದ್ದರು, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಪಾಠ. ರೈಲಿನ ಕನ್ನಡದಲ್ಲಿ ಅದನ್ನೇ ಶುರು ಮಾಡಿದೆ.

“ಉಪ್ಪಿನ ಕಣಗಳು ಒಂದನ್ನೊಂದು ಗಟ್ಟಿಯಾಗಿ ಇಡ್ಕಂಡಿರ್ತವೆ. ನೀರು ಬಂದು ಸುತ್ತ ನಿಂತು ಒಂದೊಂದನ್ನೇ ಎಳೀತದೆ. ಎಳೆದದ್ದನ್ನ ಕೈ ಬುಡಕ್ಕಿಲ್ಲ. ಅದೇ ಕರಗೋದು.” ಕೆಮ್ಮು. “ಹ್ಞೂ.”

ಆಕೆ ಮುಂದಕ್ಕೆ ಬಾಗಿದರು. “ಮತ್ತೆ ಎಣ್ಣೆ ಯಾಕಪ್ಪ ಬೆರೆಯಕ್ಕಿಲ್ಲ?”

“ನೀರಿಗೆ ಎಣ್ಣೆ ಮ್ಯಾಲೆ ಕ್ವಾಪ ಇಲ್ಲ. ನೀರಿಗೆ ನೀರಿನ ಮ್ಯಾಲೇ ಸೆಳೆತ ಜಾಸ್ತಿ. ಅವವೇ ಕೈ ಕೈ ಇಡ್ಕಂಡು ನಿಂತ್ಕತವೆ. ನಡುವೆ ಎಣ್ಣೆಗೆ ಜಾಗ ಎಲ್ಲದೆ?”

ಆಕೆ ಗಂಡನ ಕಡೆ ತಿರುಗಿದರು.

“ಇಷ್ಟೊಂದು ಸಂದಾಗಿ ಮಾತಾಡ್ತಿದ್ರಾ? ಇದನ್ನೆಲ್ಲ ಅಲ್ಲಿ ಯೋಳ್ಬುಟ್ಟು, ಮನೆಗೆ ಬಂದು ಗ್ವಾಡೆ ಕಡೆ ತಿರುಗಿ ಮನೀಕತ್ತಿದ್ರಲ್ಲ.”

ಮೇಷ್ಟ್ರು ಕಣ್ಣು ಮುಚ್ಚಿದರು. ಕೈ ಮಾತ್ರ ನನ್ನ ಕಡೆ ಆಡಿತು: ಮುಂದೆ ಹೇಳು. ಕತ್ತಲಾಗುವವರೆಗೆ ಹೇಳಿದೆ. ಮುಂದಿನ ಓದಿಗೂ ಮೈಸೂರಿಗೇ ಓಡಾಡುತ್ತಿದ್ದೆ, ರೈಲು ಮಂಡ್ಯದಲ್ಲಿ ನಿಂತಾಗಲೆಲ್ಲ ಇಳಿದು ಹೋಗಿ ಹೇಳುತ್ತಿದ್ದೆ. ಆಕೆ ಕೇಳುವರು, ನಾನು ತಪ್ಪಿದರೆ ಮೇಷ್ಟ್ರು ತಲೆ ಅಲ್ಲಾಡಿಸುವರು.

ಕಬ್ಬಿಗೆ ನೀರು ಬಿಡುವ ಕಾಲಕ್ಕೆ ಮೇಷ್ಟ್ರು ತೀರಿಕೊಂಡರು. ತಿಥಿಯೆಲ್ಲ ಕಳೆದ ಮೇಲೆ ಹೋದಾಗ ಅಮ್ಮ ಬಾಗಿಲಲ್ಲಿ ಅದೇ ಜಾಗದಲ್ಲಿ ಕೂತಿದ್ದರು. ಜಗಲಿಯ ಮೇಲೆ ನನಗೊಂದು ಚಾಪೆ ಹಾಕಿಸಿದರು.

“ಪಾಠ ಎಲ್ಲಿಗೆ ನಿಂತಿತ್ತಪ್ಪ?”

ಗಂಟಲು ಸರಿಮಾಡಿಕೊಂಡೆ. ಕೆಮ್ಮು ಇನ್ನೇನು ಬರಬೇಕು, ಅಷ್ಟರಲ್ಲಿ ಆಕೆ ಕೈಯೆತ್ತಿ ತಡೆದರು.

“ಅವ್ರ ದನಿ ಸಾಕು ಕಣಪ್ಪ. ಕೇಳಾಯ್ತು. ಇನ್ನು ನಿನ್ ದನೀಲೇ ಯೋಳು.”

ಬಾಯಿ ತೆರೆದೆ. ಕಾಗೆ ಗೊತ್ತಿತ್ತು, ಟಿಕೆಟ್ ಕಲೆಕ್ಟರು ಗೊತ್ತಿತ್ತು. ನನ್ನದು ಯಾವುದೆಂದು ಹುಡುಕಲು ಬಹಳ ಹೊತ್ತು ಹಿಡಿಯಿತು. ಆಕೆ ಅವಸರ ಮಾಡಲಿಲ್ಲ.