ಹದ್ದಣ್ಣನ ಹೊಟ್ಟೆ ಮತ್ತು ನೇತಾಡಿದ ಗೋಡೆ

ಹದ್ದಣ್ಣನ ಕ್ರೇನು ಎಷ್ಟು ಎತ್ತರವಿತ್ತೆಂದರೆ, ಮೋಡಗಳು ಅದರ ಹತ್ತಿರ ಬಂದಾಗ ತಲೆ ತಗ್ಗಿಸಿ ದಾಟುತ್ತಿದ್ದವು. ಕೆಳಗೆ ಯಾರಾದರೂ ಸೀನಿದರೆ, ಆ ಸದ್ದು ಮೇಲೆ ಮುಟ್ಟುವಷ್ಟರಲ್ಲಿ ಸೀನಿದವನ ನೆಗಡಿಯೇ ವಾಸಿಯಾಗಿರುತ್ತಿತ್ತು. ನಂಬದವರು ಹತ್ತಿ ನೋಡಬಹುದು, ಏಣಿ ಇದೆ. ಆ ಏಣಿಯ ತುದಿಯಲ್ಲಿ ಗಾಜಿನ ಗೂಡಿನಂಥ ಕ್ಯಾಬಿನ್ನು. ತಲೆಗೂದಲು ಕಪ್ಪಗಿದ್ದಾಗ ಅದರೊಳಗೆ ಹೋಗಿ ಕೂತವನು ನರೆತ ಮೇಲೂ ಅಲ್ಲೇ ಕೂತಿದ್ದ. ಕಟ್ಟಡದವರೆಲ್ಲ ಅವನ ನಿಜವಾದ ಹೆಸರು ಮರೆತು ಹದ್ದು ಎಂದರು, ವಯಸ್ಸಾದಂತೆ ಮರ್ಯಾದೆಗೆ ಒಂದು ಅಣ್ಣ ಸೇರಿಸಿದರು.

ಕ್ಯಾಬಿನ್ನಿನಲ್ಲಿ ಫ್ಯಾನು, ಮೆತ್ತನೆಯ ಸೀಟು ಎಲ್ಲ ಇದ್ದವು, ಪಾಯಖಾನೆ ಒಂದು ಬಿಟ್ಟು. ಇಳಿದು ಹೋಗಿ ಮತ್ತೆ ಹತ್ತಿ ಬರುವಷ್ಟರಲ್ಲಿ ಕೆಳಗೆ ಕಲಸಿಟ್ಟ ಕಾಂಕ್ರೀಟು ಗಟ್ಟಿಯಾಗುತ್ತಿತ್ತು, ಮೇಸ್ತ್ರಿಯ ಮುಖ ಅದಕ್ಕಿಂತ ಗಟ್ಟಿಯಾಗುತ್ತಿತ್ತು. ಹಾಗಾಗಿ ಅವನು ನೀರು ಕುಡಿಯುವುದನ್ನೇ ಬಿಟ್ಟ. ಸೊಪ್ಪು, ಕಾಳು, ಹಣ್ಣು ತಿಂದರೆ ಹೊಟ್ಟೆಯೊಳಗೆ ಸಂಚಾರ ಜಾಸ್ತಿಯಾಗುತ್ತದೆಂದು ಅವನ್ನೂ ಬಿಟ್ಟ. ಒಣ ಬ್ರೆಡ್ಡು, ಬಿಸ್ಕತ್ತು, ನಾಲಿಗೆ ನೆನೆಯುವಷ್ಟು ಚಹಾ. ಕರೆ ಬಂದರೂ ಹಲ್ಲು ಕಚ್ಚಿ ಕೂರುತ್ತಿದ್ದ. ಹೊಟ್ಟೆಯೂ ಎಷ್ಟೆಂದು ಕೂಗೀತು? ಕೊನೆಗೆ ಕರೆಯುವುದನ್ನೇ ನಿಲ್ಲಿಸಿತು. ಅದರ ಹಿಂದೆಯೇ ಮೈಯೂ ಸೋತಿತು. ಊರಿಗೆ ಬಂದ ನೆಗಡಿ, ಜ್ವರ, ಗಂಟಲುನೋವೆಲ್ಲ ಬಸ್ಸಿಳಿದು ಮೊದಲು ಇವನ ಮನೆಯ ದಾರಿ ಕೇಳುತ್ತಿದ್ದವು.

ಹೆಂಡತಿ ಎಳೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದಳು.

"ಒಳಗೆಲ್ಲ ವಿಷ ಸೇರ್ಕೊಂಡಿದೆ ಅನ್ಸತ್ತೆ ಡಾಕ್ಟ್ರೇ. ಒಂದೇ ಸಲಕ್ಕೆ ತೊಳೆಯೋಂಥದ್ದು ಏನಾದ್ರೂ ಕೊಡಿ," ಎಂದ.

"ತೊಳೆಯೋಕೆ ಲಿವರ್, ಕಿಡ್ನಿ ಇವೆಯಲ್ಲ, ಹುಟ್ಟಿದಾಗಿಂದ ಅದೇ ಕೆಲಸ ಮಾಡ್ತಿವೆ," ಎಂದರು ಆಕೆ. "ಲಿವರ್ ಸೋಸಿ ಕರುಳಿಗೆ ತಳ್ಳಿದ್ದನ್ನ ಕರುಳು ಆಚೆ ಸಾಗಿಸ್ಬೇಕು. ನೀವು ಸಾಗಿಸೋ ದಾರಿಗೇ ಬೀಗ ಜಡಿದು ಕೂತಿದ್ದೀರಿ. ಕರುಳಲ್ಲಿ ಕೋಟ್ಯಂತರ ಒಳ್ಳೇ ಸೂಕ್ಷ್ಮಜೀವಿಗಳಿವೆ. ಸೊಪ್ಪು, ಕಾಳಿನ ನಾರೇ ಅವುಕ್ಕೆ ಊಟ. ಅವುನ್ನ ಉಪವಾಸ ಕೆಡವಿದ್ದೀರಿ. ರೋಗದ ಜೊತೆ ಹೊಡೆದಾಡೋ ಕಣಗಳಲ್ಲಿ ದೊಡ್ಡ ಪಾಲು ಇರೋದೂ ಆ ಕರುಳಿನ ಗೋಡೆಯಲ್ಲೇ. ಅದು ಸೊರಗಿದ್ರೆ ಕಾವಲೂ ಸೊರಗತ್ತೆ. ನೀರು ಕುಡೀರಿ, ಮೊಸರು ತಿನ್ನಿ, ಸೊಪ್ಪನ್ನ ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಮಾಡಿ. ಕರೆ ಬಂದಾಗ ಎದ್ದು ಹೋಗಿ."

"ಎಷ್ಟು ದಿನಕ್ಕೆ ಸರಿಹೋಗತ್ತೆ?"

"ನಿಧಾನಕ್ಕೆ ಹೋಗತ್ತೆ. ವರ್ಷಾನುಗಟ್ಟಲೆ ಕೆಡಿಸಿದ್ದೀರಲ್ಲ!"

ನಿಧಾನ ಎಂಬ ಮಾತು ಹದ್ದಣ್ಣನಿಗೆ ಹಿಡಿಸಲಿಲ್ಲ. ಮರುದಿನವೇ ಭಾವನ ಬಳಿ ಅಲವತ್ತುಕೊಂಡ. ಭಾವ, ಅಂದರೆ ಅವನ ಅಕ್ಕನ ಗಂಡ, ಅದೇ ಕಟ್ಟಡದಲ್ಲಿ ಕೆಳಗೆ ನಿಂತು ವಾಕಿಟಾಕಿಯಲ್ಲಿ ಕ್ರೇನಿಗೆ ದಾರಿ ಹೇಳುವವನು. ಬಿಡುವಿನಲ್ಲಿ ಹೊಟ್ಟೆ ತೊಳೆಯುವ ಡಿಟಾಕ್ಸ್ ಪುಡಿ ಮಾರುತ್ತಿದ್ದ.

"ಡಾಕ್ಟ್ರಿಗೇನು ಗೊತ್ತು ಭಾಮೈದ? ಇದನ್ನ ತಗೋ. ಅಮ್ಮನ ಹಾಲು ಬಿಟ್ಟಾಗಿಂದ ತಿಂದಿದ್ದೆಲ್ಲ ಆಚೆ ಬರತ್ತೆ. ಒಂದು ಚಮಚ ಸಾಕು."

ಮೊದಲ ದಿನ ಒಂದು ಚಮಚಕ್ಕೆ ಏನೂ ಆಗಲಿಲ್ಲ. ಎರಡನೆಯ ದಿನ ಚಮಚದ ಲೆಕ್ಕ ಬಿಟ್ಟ. ಮೂರನೆಯ ದಿನ ಬೆಳಗಾಗುವ ಮುಂಚೆ ಭೇದಿ ಶುರುವಾಯಿತು, ಹೊತ್ತು ಹುಟ್ಟುವಷ್ಟರಲ್ಲಿ ಬಚ್ಚಲುಮನೆಯ ಬಾಗಿಲಿನ ಕೀಲು ಸವೆಯಿತು.

"ರೀ, ಮುಖ ಸುಣ್ಣ ಬಳಿದ ಹಾಗಿದೆ. ಇವತ್ತು ಹತ್ಬೇಡಿ," ಎಂದಳು ಹೆಂಡತಿ.

"ಒಂದು ದಿನ ರಜ ಹಾಕಿದ್ರೆ ಹೊಸಬನ್ನ ಹತ್ತಿಸ್ತಾರೆ ಕಣೇ. ಅವನ ಕೈ ಕುದುರಿದ್ರೆ ನನ್ನನ್ನ ಯಾರು ಮೂಸಿ ನೋಡ್ತಾರೆ? ಇನ್ನೇನಿದೆ ಹೊಟ್ಟೇಲಿ, ಎಲ್ಲ ಖಾಲಿ."

ಹೊಟ್ಟೆ ಖಾಲಿಯಾಗಿತ್ತು, ನಿಜ. ಅದರ ಜೊತೆ ಮೈಯಲ್ಲಿದ್ದ ನೀರು, ಉಪ್ಪು ಕೂಡ ಖಾಲಿಯಾಗಿದ್ದು ಅವನಿಗೆ ಗೊತ್ತಾಗಲಿಲ್ಲ. ಹಟ ಹಿಡಿದು ಹತ್ತಿದ.

ಅವತ್ತು ಎತ್ತಬೇಕಾಗಿದ್ದು ಅಚ್ಚಿನಲ್ಲಿ ಎರೆದ ಕಾಂಕ್ರೀಟಿನ ಗೋಡೆ. ಆನೆ ಅದರ ಪಕ್ಕ ನಿಂತರೆ ನಾಚಿಕೊಂಡು ತಾನು ಮೇಕೆ ಅಂದೀತು, ಅಂಥದ್ದು. ಅದನ್ನು ಮೂರು ಕಡೆ ಕಂಬ ಎದ್ದಿದ್ದ ಇಕ್ಕಟ್ಟಾದ ಅಂಗಳಕ್ಕೆ ಇಳಿಸಬೇಕಿತ್ತು. ಗಾಳಿಗೆ ಗೋಡೆ ತಿರುಗದ ಹಾಗೆ ಅದಕ್ಕೆ ಕಟ್ಟಿದ ಹಗ್ಗ ಹಿಡಿದು ಭಾವನೇ ಅಂಗಳದಲ್ಲಿ ನಿಂತಿದ್ದ. ಪಕ್ಕದಲ್ಲಿ ಕಂಬ, ಹಲಗೆ ಕಟ್ಟಿ ನಿಲ್ಲಿಸಿದ ಸಾರುವೆಯ ಮೇಲೆ ಗಾರೆಯವರು ಕೆಲಸ ಮಾಡುತ್ತಿದ್ದರು.

"ಬಿಡು, ಬಿಡು, ಇನ್ನೂ ಕೆಳಗೆ ಬಿಡು," ಎಂದು ವಾಕಿಟಾಕಿಯಲ್ಲಿ ಭಾವನ ದನಿ.

ಗೋಡೆ ಇನ್ನೇನು ಎರಡಾಳೆತ್ತರಕ್ಕೆ ಬಂದಿರಬೇಕು, ಹದ್ದಣ್ಣನ ಹೊಟ್ಟೆಯನ್ನು ಯಾರೋ ಒದ್ದೆಬಟ್ಟೆಯಂತೆ ಹಿಂಡಿದರು. ಅಂಗೈ ಬೆವರಿ ಹಿಡಿಕೆ ಜಾರಿತು. ಕೆಳಗಿನ ಅಂಗಳ ಒಂದಿದ್ದದ್ದು ಎರಡಾಯಿತು. ಎರಡರಲ್ಲೂ ಒಬ್ಬೊಬ್ಬ ಭಾವ ನಿಂತಿದ್ದ. ಹದ್ದಣ್ಣ ಹಿಡಿಕೆಯನ್ನು ನಡುವಿಗೆ ತಂದ. ಗೋಡೆ ಗಾಳಿಯಲ್ಲಿ ನಿಂತಿತು.

"ಯಾಕಪ್ಪಾ ನಿಲ್ಲಿಸ್ದೆ? ನಿದ್ದೆ ಬಂತಾ ಸಾಹೇಬ್ರಿಗೆ?"

ಎರಡು ಅಂಗಳಗಳಲ್ಲಿ ಯಾವುದಕ್ಕೆಂದು ಇಳಿಸುವುದು, ಎಂದು ಹದ್ದಣ್ಣ ಲೆಕ್ಕ ಹಾಕಿದ. ಹಿಡಿಕೆಯಿಂದ ಕೈ ತೆಗೆದರೆ ಗೋಡೆ ನಿಂತಲ್ಲೇ ನಿಲ್ಲುತ್ತದೆ. ಆದರೆ ಪ್ರಜ್ಞೆ ತಪ್ಪಿದವನು ಕೈ ತೆಗೆದು ಬೀಳುತ್ತಾನೋ, ಹಿಡಿಕೆಯ ಮೇಲೇ ಕವುಚಿ ಬೀಳುತ್ತಾನೋ ಹೇಳುವವರಾರು? ಕವುಚಿದರೆ ಅಷ್ಟೂ ಭಾರ ಅಕ್ಕನ ಗಂಡನ ಮೇಲೆ. ಬಾಯಿಬಿಟ್ಟು ಹೇಳಿದರೆ ಕ್ಯಾಬಿನ್ನಿನ ಋಣ ಇವತ್ತಿಗೆ ಮುಗಿಯಿತು. ವಾಕಿಟಾಕಿ ಬೇರೆ ಇಡೀ ಕಟ್ಟಡಕ್ಕೆ ಕೇಳುತ್ತದೆ.

"ಭಾವ, ಹಗ್ಗ ಬಿಟ್ಟು ಆಚೆ ಹೋಗಿ."

"ತಲೆ ಕೆಟ್ಟಿದ್ಯಾ? ಬಿಟ್ರೆ ತಿರುಗಿ ಸಾರುವೆಗೆ ಬಡಿಯತ್ತೆ. ಮೇಲೆ ಗಾರೆಯವರಿದ್ದಾರೆ ಮಾರಾಯಾ!"

ಕಣ್ಣಿನ ಅಂಚಿನಿಂದ ಕಪ್ಪು ಹಬ್ಬತೊಡಗಿತು. ಹದ್ದಣ್ಣ ತುಟಿ ಕಚ್ಚಿದ. ಬಾಯಲ್ಲಿ ರಕ್ತದ ರುಚಿ ಬಂತು.

"ಎಲ್ಲರೂ ಕೇಳಿ," ಎಂದ. ತನ್ನದೇ ದನಿ ಬೇರೆ ಯಾರದೋ ಅನ್ನಿಸಿತು. "ನನಗೆ ಭೇದಿ ಹತ್ತಿದೆ. ಬೆಳಗಿನ ಜಾವದಿಂದ ನಿಂತಿಲ್ಲ. ಕಣ್ಣು ಕತ್ತಲೆ ಬರ್ತಿದೆ. ಯಾವ ಕ್ಷಣದಲ್ಲಾದ್ರೂ ಬಿದ್ದುಬಿಡ್ತೀನಿ. ಸಾರುವೆಯವರು ಇಳೀರಿ. ಬೇಗ ಇಳೀರಿ!"

ಒಬ್ಬ ಕಿಸಕ್ಕೆಂದ. ಇನ್ನೊಬ್ಬ ಬೈದ. ಆಮೇಲೆ ಎಲ್ಲ ಸದ್ದೂ ನಿಂತು ಸಾರುವೆಯ ಹಲಗೆಗಳ ಮೇಲೆ ಓಡುವ ಕಾಲಿನ ಸಪ್ಪಳ ಮಾತ್ರ ವಾಕಿಟಾಕಿಯಲ್ಲಿ ಕೇಳಿತು. ಗೋಡೆ ಅತ್ತ ವಾಲುತ್ತಿತ್ತು, ಭಾವ ಹಿಮ್ಮಡಿ ಊರಿ ಇತ್ತ ಎಳೆಯುತ್ತಿದ್ದ. ಗಾರೆಯವರು ಕಟ್ಟಡದಷ್ಟೇ ಎತ್ತರದ ಸಾರುವೆಯಿಂದ ಇಳಿಯಲು ತೆಗೆದುಕೊಂಡ ಹೊತ್ತಿನಲ್ಲಿ ಇನ್ನೊಂದು ಕಟ್ಟಡವನ್ನೇ ಕಟ್ಟಬಹುದಿತ್ತು.

"ಭಾಮೈದ, ಕೇಳಿಸ್ತಿದೆಯಾ? ಮಾತಾಡ್ತಾ ಇರು." ಭಾವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಪುಡಿ ಎಷ್ಟು ತಗೊಂಡೆ?"

"ಕೇಳ್ಬೇಡಿ."

"ಸೌಟಲ್ಲಿ ಹಾಕ್ಕೊಂಡ್ಯಾ ಅಯೋಗ್ಯ?"

"ಸೌಟು ಚಿಕ್ಕದಿತ್ತು ಭಾವ."

"ಇಳಿದ್ರು! ಎಲ್ಲ ಇಳಿದ್ರು! ನಾನು ಹಗ್ಗ ಬಿಡ್ತಿದ್ದೀನಿ."

ಭಾವ ಹಗ್ಗ ಬಿಟ್ಟು ಕಂಬಗಳ ನಡುವಿಂದ ಓಡಿ, "ಆಚೆ ಬಂದೆ!" ಎಂದು ಕೂಗಿದ. ಗೋಡೆ ಗಿರ್ರನೆ ತಿರುಗಿ ಸಾರುವೆಯ ಮೂಲೆಗೆ ಬಡಿಯಿತು. ಹಲಗೆಗಳು ಚೆಲ್ಲಾಪಿಲ್ಲಿಯಾದವು. ಆ ಹಲಗೆಗಳ ಮೇಲೆ ಈಗ ಯಾರೂ ಇರಲಿಲ್ಲ. ಹದ್ದಣ್ಣ ಕಾಣದ ಕಣ್ಣಲ್ಲೇ, ಕೈಯ ನೆನಪಿನಿಂದಲೇ, ಹಿಡಿಕೆಯನ್ನು ಕೂದಲೆಳೆಯಷ್ಟು ಒತ್ತಿದ. ಕ್ರೇನಿನ ಉಕ್ಕಿನ ಹಗ್ಗ ಸಡಿಲವಾಗಿ ಭಾರ ನೆಲಕ್ಕೆ ಕೂತದ್ದು ಸೀಟಿನ ನಡುಕದಲ್ಲಿ ಗೊತ್ತಾಯಿತು. ಎಂಜಿನ್ನು ಆರಿಸಿದ. ಆಮೇಲೆ ಅವನಿಗೆ ಏನೂ ನೆನಪಿಲ್ಲ.

ಸೊಂಟಕ್ಕೆ ಪಟ್ಟಿ ಕಟ್ಟಿ ಇಳಿಸಿಕೊಂಡು ಹೋದರು. ಆಸ್ಪತ್ರೆಯಲ್ಲಿ ಬಾಟಲಿಯ ಮೇಲೆ ಬಾಟಲಿ ನೀರು ಏರಿಸಿದರು. ಡಾಕ್ಟರಮ್ಮ ಮಂಚದ ಪಕ್ಕ ಬಂದು ನಿಂತು, "ತೊಳೀತಲ್ಲ, ಮನೆ ಚೊಕ್ಕಟವಾಯ್ತಾ?" ಎಂದರು. "ಕಸದ ಜೊತೆ ಮನೆಯವರನ್ನೂ ಆಚೆ ಹಾಕಿದ್ದೀರಿ. ಕರುಳಿನ ಜೀವಿಗಳನ್ನ ಮತ್ತೆ ಮೊದಲಿಂದ ಸಾಕ್ಬೇಕು." ಹದ್ದಣ್ಣ ಲೋಟದಲ್ಲಿದ್ದ ಉಪ್ಪು ಸಕ್ಕರೆ ನೀರು ಕುಡಿದ. ಅಕ್ಕ ಮನೆಯಲ್ಲಿ ಉಳಿದಿದ್ದ ಪುಡಿಯನ್ನೆಲ್ಲ ಬಚ್ಚಲಿಗೆ ಸುರಿದಳು. ಆ ಬೀದಿಯ ಮೋರಿ ಅಲ್ಲಿಂದೀಚೆಗೆ ಒಂದು ಸಲವೂ ಕಟ್ಟಿಕೊಂಡಿಲ್ಲ. ಭಾವ ಆ ವ್ಯಾಪಾರದ ಮಾತೇ ಎತ್ತಲಿಲ್ಲ.

ಹದ್ದಣ್ಣ ಹೆದರಿದ್ದ ಹಾಗೆಯೇ ಆಯಿತು. ಕ್ಯಾಬಿನ್ನಿಗೆ ಹೊಸಬ ಹತ್ತಿದ. ಡಾಕ್ಟರಮ್ಮ ಒಪ್ಪುವವರೆಗೆ ಹದ್ದಣ್ಣ ಕೆಳಗೆ, ಭಾವನ ಜೊತೆ ಹಗ್ಗ ಹಿಡಿಯುವ ಕೆಲಸಕ್ಕೆ. ಸೊಪ್ಪು, ಕಾಳಿನ ಡಬ್ಬಿ ಬಿಚ್ಚಿ ಕೂತು ತಿಂದ, ನೀರು ಕುಡಿದ, ಕರೆ ಬಂದಾಗ ಎದ್ದು ಹೋದ. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ನೆಗಡಿಗಳು ಅವನ ಮನೆಯ ಗುರುತು ಮರೆಯತೊಡಗಿದವು.

ಆದರೆ ಕೆಳಗೆ ನಿಂತ ಮೊದಲ ದಿನವೇ ಅವನಿಗೆ ಹೊಸದೊಂದು ಹೆದರಿಕೆ ಹುಟ್ಟಿತು. ಅಷ್ಟು ವರ್ಷ ಮೇಲಿಂದ ನೋಡಿದ್ದವನು ಮೊದಲ ಸಲ ಕತ್ತೆತ್ತಿ ನೋಡಿದ. ತಲೆಯ ಮೇಲೆ ಇನ್ನೊಂದು ಗೋಡೆ ತೂಗುತ್ತಿತ್ತು. ಅದರಾಚೆ, ಚುಕ್ಕಿಯಷ್ಟು ಕಾಣುವ ಗೂಡಿನಲ್ಲಿ, ಯಾವನದೋ ಹೊಟ್ಟೆ. ಹದ್ದಣ್ಣ ಭಾವನ ಕೈಯಿಂದ ವಾಕಿಟಾಕಿ ಕಿತ್ತುಕೊಂಡ.

"ತಮ್ಮಾ, ಬೆಳಿಗ್ಗೆ ಸಲೀಸಾಗಿ ಹೋಯ್ತಾ?"

"ಏನ್ ಸಾರ್, ಎಲ್ರಿಗೂ ಕೇಳಿಸತ್ತೆ!"

"ಕೇಳಿಸ್ಲಿ. ನೀರು ಕುಡಿದ್ಯಾ? ತಿಂಡಿ ಏನು ತಿಂದೆ?"

"ಬಿಸ್ಕತ್ತು ಸಾರ್."

ಸಾರುವೆಯ ಮೇಲೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಹದ್ದಣ್ಣ ಹಗ್ಗ ಕೈಬಿಟ್ಟು ಅಂಗಳದಿಂದ ಆಚೆ ನಡೆದ. ಭಾವನ ತೋಳು ಹಿಡಿದು ಅವನನ್ನೂ ಎಳೆದುಕೊಂಡ.

"ಖಾಲಿ ಜಾಗದಲ್ಲಿ ಇಳಿಸಿಟ್ಟು, ಇಳಿದು ಬಾ. ಊಟ ಮಾಡಿ ಹತ್ತು. ಅಲ್ಲೀವರ್ಗೂ ನಾವಿಬ್ಬರೂ ಇಲ್ಲೇ ಕೂತಿರ್ತೀವಿ."